ಭೂಮಿಯ ಆಚೆ ಬದಿಗೆ ಹೊರಟಿದ್ದು

ಮಾವನ ಮನೆಗೆ ಹೋದಾಗ ಸುಮ್ಮನೆ ಉಂಡು ಬರುವ ಅಳಿಯಂದಿರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬಳ್ಳಾರಿಯ ಶಾಲೆಯಲ್ಲಿ ಪ್ರಕೃತಿಶಾಸ್ತ್ರ ಕಲಿಸುವ ನನಗೆ ನಾಲ್ಕು ಜನ ಕೂತದ್ದು ಕಂಡರೆ ಸಾಕು, ಪಾಠ ತಾನಾಗಿ ಹೊರಬೀಳುತ್ತದೆ.

ಆ ಬೇಸಿಗೆಯಲ್ಲಿ ಮಾವ ಕುರುಗೋಡಿನ ಮನೆಯ ಹಿತ್ತಲಲ್ಲಿ ಬಾವಿ ತೋಡಿಸುತ್ತಿದ್ದರು. ಬಂಡೆ ಸಿಕ್ಕಿತ್ತು, ನೀರು ಸಿಕ್ಕಿರಲಿಲ್ಲ. ಊಟಕ್ಕೆ ಕೂತಿದ್ದ ಆಳುಗಳಿಗೆ, ಹೀಗೇ ತೋಡುತ್ತ ಭೂಮಿಯ ಆಚೆ ಬದಿಗೆ ತೂತು ಬಿದ್ದರೆ ಏನಾದೀತೆಂದು ವಿವರಿಸಿದೆ. ಅದರೊಳಗೆ ಬಿದ್ದವನ ವೇಗ ಭೂಮಿಯ ನಟ್ಟನಡುವಿನವರೆಗೆ ಹೆಚ್ಚುತ್ತಲೇ ಹೋಗುತ್ತದೆ. ಅಲ್ಲಿ ನಿಲ್ಲಲಾರದೆ, ಅದೇ ರಭಸದಲ್ಲಿ ಆಚೆಗೆ ದಾಟಿ, ನಿಧಾನವಾಗುತ್ತ ಆ ಕಡೆಯ ಬಾಯಿಯವರೆಗೆ ಹೋಗಿ, ಮತ್ತೆ ಈ ಕಡೆಗೆ ಬೀಳುತ್ತಾನೆ. ಗಾಳಿ ತಡೆಯದಿದ್ದರೆ ತೊಟ್ಟಿಲಿನಂತೆ ಹೋಗಿ ಬರುತ್ತಲೇ ಇರುತ್ತಾನೆ.

ಆಳುಗಳ ಮುಖಂಡ ಹನುಮಪ್ಪ ರೊಟ್ಟಿ ಕೆಳಗಿಟ್ಟ. "ಆ ಕಡಿ ಹೋದಾಗ ಕೈ ಹಿಡಿದು ಎಳಕೊಳ್ಳಾಕ ಯಾರರ ಇರ್ತಾರೇನ್ರಿ, ಮಾಸ್ತರ?"

"ಆ ಕಡಿ ಬರೇ ಸಮುದ್ರ ಐತಿ," ಎಂದೆ.

ಮರುದಿನ ಒಬ್ಬರೂ ಬಾವಿಗಿಳಿಯಲಿಲ್ಲ. ಮಾವ ನನ್ನತ್ತ ತಿರುಗಿದರು. "ಅಳಿಯಂದಿರ, ಹೆದರಿಸಿದವರು ನೀವ. ನೀವ ಇಳಿದು, ಏನೂ ಆಗಂಗಿಲ್ಲಂತ ತೋರಿಸ್ರಿ."

ಬಾಗಿಲಲ್ಲಿ ನನ್ನ ಹೆಂಡತಿ ಗಂಗಮ್ಮ ನಿಂತಿದ್ದಳು. ಅವಳು ನೋಡುತ್ತಿರುವಾಗ ಹಿಂಜರಿಯುವಂತಿರಲಿಲ್ಲ. ರಾಟೆಯ ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಕೂತೆ; ಆಳುಗಳು ಕೆಳಗಿಳಿಸತೊಡಗಿದರು.

ಅರ್ಧ ದಾರಿಯಲ್ಲಿ ಮೇಲೆ ಹಗ್ಗ ರಾಟೆಯಿಂದ ಜಾರಿತು. ನಾನು ಬಿದ್ದೆ. ಬೀಳುವಾಗ ಮೈಯಲ್ಲಿ ತೂಕವೇ ಇರಲಿಲ್ಲ. ಥಟ್ಟನೆ ಹಗ್ಗ ಬಿಗಿಯಿತು, ಬುಟ್ಟಿ ವಾಲಿತು. ನನ್ನ ಪೇಟ ಕೆಳಗಿನ ಕತ್ತಲಿಗೆ ಹೋಯಿತು. ಅದು ತಳ ಮುಟ್ಟಿದ ಸದ್ದೂ ಕೇಳಲಿಲ್ಲ. ಪೇಟ ಸದ್ದು ಮಾಡುವುದಿಲ್ಲವೆಂಬುದು ಆಗ ನೆನಪಾಗಲಿಲ್ಲ.

ಮೇಲಿಂದ ಗಂಗಮ್ಮನ ದನಿ: "ಏನ್ರೀ, ಕಣ್ಣು ಮುಚ್ಚಬ್ಯಾಡ್ರಿ! ಎಡಕ್ಕ ಕಲ್ಲು ಮುಂದ ಚಾಚೇತಿ, ಅದರ ಮ್ಯಾಲ ಕಾಲಿಡ್ರಿ. ನಿಮ್ಮ ಭಾರ ತಗದ್ರನ ಹಗ್ಗ ಮತ್ತ ರಾಟಿಗೆ ಕೂಡ್ತೈತಿ."

"ಹಗ್ಗ ಯಾರು ಹಿಡದಾರ?"

"ಹನುಮಪ್ಪ ನಡಕ್ಕ ಸುತ್ತಿಕೊಂಡು ಮಲಗ್ಯಾನ. ನಾನೂ ಹಿಡದೀನಿ. ಲಗೂ ಇಡ್ರಿ!"

ಕಾಲಿಟ್ಟೆ. ಕಲ್ಲು ಅಲುಗಿತು, ಉದುರಲಿಲ್ಲ. ಬಂಡೆಗೆ ಕೆನ್ನೆ ಒತ್ತಿ, ಬರುವ ದೇವರ ಹೆಸರನ್ನೆಲ್ಲ ಹೇಳಿ ಮುಗಿಸಿ, ಬಾರದ್ದನ್ನೂ ಕಟ್ಟಿ ಹೇಳುವಷ್ಟರಲ್ಲಿ, "ಬುಟ್ಟ್ಯಾಗ ಕೂಡ್ರಿ!" ಎಂಬ ಕೂಗು ಬಂತು.

ಮೇಲೆ ಬಂದಾಗ ಹನುಮಪ್ಪನ ಅಂಗೈ ಸುಲಿದು ಹೋಗಿತ್ತು. ಗಂಗಮ್ಮ ಅರಿಸಿನ ಹಚ್ಚುತ್ತಿದ್ದಳು; ಅವಳ ಕೈಯಲ್ಲೂ ರಕ್ತವಿತ್ತು. ಹನುಮಪ್ಪ ನನ್ನನ್ನು ನೋಡಿ ಕೇಳಿದ: "ನಟ್ಟನಡುವ ಮುಟ್ಟಿದ್ರೇನ್ರಿ, ಮಾಸ್ತರ?"

ಆಳುಗಳೆಲ್ಲ ನಕ್ಕರು. ನಗುವಿನಲ್ಲಿ ಭಯ ಹೋಯಿತು. ರಾಟೆ ಬಿಗಿಮಾಡಿ ಆ ಮಧ್ಯಾಹ್ನವೇ ಇಳಿದರು. ಆಮೇಲೆ ನೀರೂ ಬಂತು, ಸಿಹಿಯಾಗಿಯೇ.

ಶಾಲೆಯಲ್ಲಿ ಈಗಲೂ ವರ್ಷವರ್ಷ ಆ ಪಾಠ ಮಾಡುತ್ತೇನೆ. ಗಟ್ಟಿ ನೆಲದ ಮೇಲೆ ನಿಂತು, ಎರಡೂ ಕೈಯಿಂದ ಮೇಜು ಹಿಡಿದುಕೊಂಡು.