ಕಾಲು ಸುಟ್ಟರೆ ಅದೂ ಕಲೆಯಂತೆ

ಮೊಮ್ಮಕ್ಕಳಾದ ರೇಖಾ, ಸಂಗಮೇಶ, ನಿಮಗಾಗಿ ಇದನ್ನು ಬರೆದಿಡುತ್ತಿದ್ದೇನೆ. ಸಂಕೋಚದ ಮನುಷ್ಯರಿಗೆ ನಾಲ್ಕು ಜನರ ನಡುವೆ ತಮ್ಮ ಹೆಸರು ಕೇಳಿಬಂದರೆ ಸಾಕು, ಕಳುವು ಮಾಡಿ ಸಿಕ್ಕಿಬಿದ್ದಂತೆ ಆಗುತ್ತದೆ. ನಾನು ಅಂಥವಳು. ಕಿರಾಣಿ ಅಂಗಡಿಯವರು ಹೆಸರು ಹಿಡಿದು ಕರೆದರೂ ಸೆರಗು ಎಳೆದುಕೊಳ್ಳುತ್ತೇನೆ. ಇಂಥ ನನ್ನನ್ನು ಹುಮನಾಬಾದಿನ ಕಾಲೇಜಿನಲ್ಲಿ, ತುಂಬಿದ ಸಭೆಯಲ್ಲಿ, ನರ್ತಕಿ ಎಂದುಬಿಟ್ಟರು. ಅಂದವನು ಪರಕೀಯನಲ್ಲ, ನನ್ನ ಮೈದುನ, ನಿಮ್ಮ ಪ್ರಭು ಅಜ್ಜ.

ಅವನು ಆಗ ಅಲ್ಲಿ ಉಪನ್ಯಾಸಕ. ಓದಿ ಓದಿ ಒಂದು ವಾದ ಹಿಡಿದಿದ್ದ. ಕುಣಿತ ಹುಟ್ಟಿದ್ದು ಕಾಡುಮನುಷ್ಯನ ಮೈಯಲ್ಲಂತೆ. ಭಯವಾದರೆ, ಬೇಟೆ ಸಿಕ್ಕರೆ ಅವನ ಕಾಲು ತಾನೇ ಎದ್ದಿತಂತೆ. ಗುರು ಕಲಿಸಿದ್ದೆಲ್ಲ ಆಮೇಲಿನ ಕಲಬೆರಕೆಯಂತೆ. ಅವನ ಗೆಳೆಯ, ಹೈದರಾಬಾದಿನ ಮಾಸ್ತರ, ಇದನ್ನು ಒಪ್ಪುತ್ತಿರಲಿಲ್ಲ. ಹೊಸ ಕಾಲದ ಕುಣಿತಕ್ಕೆ ಕಥೆ ಬೇಡ, ಹಾಡು ಬೇಡ, ಗೆಜ್ಜೆಯೂ ಬೇಡ, ಮೈ ಆಡಿದರೆ ಅದೇ ಅದರ ಅರ್ಥ ಎನ್ನುತ್ತಿದ್ದ. ಒಂದು ಬೇಸಿಗೆ ಇಬ್ಬರೂ ಬಸವಕಲ್ಯಾಣದ ನಮ್ಮ ಮನೆಗೆ ಬಂದು, ನನ್ನ ಜೋಳದ ರೊಟ್ಟಿ ಮುರಿಯುತ್ತ ಇದೇ ಜಗಳವಾಡಿದರು. ಒಂದು ಹೆಜ್ಜೆ ಹಾಕಲು ಮಾತ್ರ ಇಬ್ಬರಿಗೂ ಬರುತ್ತಿರಲಿಲ್ಲ.

ಆ ಮಧ್ಯಾಹ್ನ ನಾನು ಸಂಡಿಗೆ ತರಲು ಬರಿಗಾಲಲ್ಲಿ ಮಾಳಿಗೆ ಹತ್ತಿದೆ. ಬಯಲು ಮಾಳಿಗೆಗೆ ಹಾಸಿದ ಫರ್ಸಿ ಕಲ್ಲು ಕಾದ ಹಂಚಾಗಿತ್ತು. ಒಂದು ಕಾಲು ಎತ್ತಿದರೆ ಇನ್ನೊಂದು ಸುಡುತ್ತಿತ್ತು. ಮೊರವನ್ನು ಎದೆಗೆ ಅವಚಿಕೊಂಡು ಕುಪ್ಪಳಿಸಿದೆ, ಗಿರ್ರನೆ ತಿರುಗಿದೆ. ಅಂಗಳದ ಬೇವಿನ ಕೆಳಗಿಂದ ಆ ಇಬ್ಬರೂ ನೋಡುತ್ತಿದ್ದದ್ದು ನನಗೇನು ಗೊತ್ತು?

ಗೊತ್ತಾದದ್ದು ಸಭೆಯಲ್ಲೇ. ಮೈದುನನ ಒತ್ತಾಯಕ್ಕೆ ಹೋಗಿ ಹೆಂಗಸರ ಸಾಲಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ರಾಜೇಶ್ವರ ಊರಿನ ಶಾಂತಾಬಾಯಿ. ಅವರ ಮಗನಿಗೆ ನಿಮ್ಮ ಅವ್ವನನ್ನು ಕೊಡುವ ಮಾತು ಇನ್ನೂ ಅರ್ಧಕ್ಕೇ ನಿಂತಿತ್ತು. ಮೈದುನ ಮೈಕಿನ ಮುಂದೆ ನಿಂತು, ಆದಿಮ ಕುಣಿತ ನೋಡಲು ಕಾಡಿಗೆ ಹೋಗಬೇಕಿಲ್ಲ, ನಮ್ಮ ವೈನಿಯವರು ಮಾಳಿಗೆಯ ಮೇಲೆ ಕುಣಿದದ್ದನ್ನು ಕಂಡಿದ್ದೇನೆ ಎಂದು ನನ್ನತ್ತ ಕೈಮಾಡಿದ. ಮಾಸ್ತರ ಎದ್ದು, ಕುಣಿದದ್ದು ನಿಜ, ಆದರೆ ಅದು ಅಪ್ಪಟ ಹೊಸ ಕಾಲದ್ದು ಎಂದ. ಹುಟ್ಟಿದಾಗಿನಿಂದ ಒಂದಕ್ಕೂ ಒಪ್ಪದವರು ಈ ಒಂದಕ್ಕೆ ಒಪ್ಪಿದರು: ವಿಧವೆ ಮಾಳಿಗೆಯ ಮೇಲೆ ಕುಣಿದಳು. ನಿಮ್ಮ ಅಜ್ಜ ಹೋದಮೇಲೆ ನಾನು ಪಂಚಮಿಯಲ್ಲಿ ಗೆಳತಿಯರ ಕೈಹಿಡಿದು ತಿರುಗುವ ಪುಗಡಿಯನ್ನೂ ಬಿಟ್ಟವಳು. ಶಾಂತಾಬಾಯಿ ನನ್ನತ್ತ ಪೂರ್ತಿ ತಿರುಗಿದರು.

"ಖರೇನ ಕುಣದ್ರೇನ್ರಿ?"

"ಇಲ್ರಿ ಅಕ್ಕೋರ, ಕಾಲು ಸುಟ್ಟವು."

"ಸುಟ್ರ ನೆರಳಿಗಿ ಓಡಬೇಕು. ತಿರಗೂದ್ಯಾಕ?"

ನೆರಳು ಮೆಟ್ಟಿಲ ಬಳಿಯೇ ಇತ್ತು. ಮಗಳ ಲಗ್ನ ಇಲ್ಲಿಗೆ ಮುರಿಯಿತು ಎಂದುಕೊಂಡೆ. ಶಾಂತಾಬಾಯಿಯೂ ಗಂಡನನ್ನು ಕಳೆದುಕೊಂಡವರು; ಬಾಯಿಗೆ ಸೆರಗು ಹಿಡಿದು, ನನ್ನ ಕಿವಿಯ ಹತ್ತಿರ ಬಾಗಿದರು.

"ನಮ್ಮ ಮಾಳಿಗೀನೂ ಭಾಳ ಸುಡತದ್ರಿ ಬೀಗತಿ. ಮನ್ಯಾಗ ಯಾರೂ ಇಲ್ಲದಾಗ ನಾನೂ ಹತ್ತತೀನಿ."

ಬೀಗತಿ ಎಂದದ್ದು ಕೇಳಿದಮೇಲೇ ನನಗೆ ಉಸಿರು ಬಂದದ್ದು. ಅಂದು ತಿರುಗಿದ್ದು ಯಾಕೆ ಎಂದು ಆ ಇಬ್ಬರು ವಿದ್ವಾಂಸರಿಗೆ ಚೆನ್ನಾಗಿ ಗೊತ್ತು, ನನಗೆ ಮಾತ್ರ ಇವತ್ತಿಗೂ ಗೊತ್ತಿಲ್ಲ. ಈ ಹಾಳೆಗಳನ್ನು ಜೋಪಾನ ಮಾಡಿರಿ, ಮಕ್ಕಳೇ. ಪ್ರಭು ಅಜ್ಜನ ಕಣ್ಣಿಗೆ ಮಾತ್ರ ಬೀಳದಿರಲಿ. ಈಗ ನನ್ನ ಹತ್ತಿರ ಚಪ್ಪಲಿ ಇದೆ, ಆದರೂ ಮಾಳಿಗೆಗೆ ಬರಿಗಾಲಲ್ಲೇ ಹೋಗುತ್ತೇನೆ.