ಅತ್ತೆಯ ಕಿವಿ ಮತ್ತು ಅಟ್ಟದ ಕಾಯಿ

ನನ್ನ ಸೋದರತ್ತೆಗೆ ಒಂದು ರೋಗವಿದೆ. ಗಾಬರಿಯಾಗಬೇಡಿ, ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬಂದವಳು ನಾನು, ಅವಳಲ್ಲ. ಅವಳ ರೋಗಕ್ಕೆ ಯಾವ ಆಸ್ಪತ್ರೆಯಲ್ಲೂ ಮದ್ದಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಒಳಗೆ ಏನಿದೆ, ಹೇಗಿದೆ ಎಂದು ತೀರ್ಪು ಕೊಡುವುದು, ಆಮೇಲೆ ಬ್ರಹ್ಮ ಬಂದರೂ ಆ ತೀರ್ಪು ಬದಲಾಯಿಸದೆ ಇರುವುದು. ಇಷ್ಟೇ ರೋಗ.

ಅತ್ತೆ ಎಂದರೆ ಗಂಡನ ತಾಯಿ ಅಂದುಕೊಳ್ಳಬೇಡಿ. ನನ್ನ ಅಪ್ಪನ ಅಕ್ಕ. ದಂಡಿನಶಿವರದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ, ಅಥವಾ ಅವರು ಇವಳ ಜೊತೆ ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಈ ರೋಗ ಅವಳಿಗೆ ಅಂಟಿದ್ದು ತೆಂಗಿನಕಾಯಿಯಿಂದ. ನಮ್ಮ ತಿಪಟೂರು, ತುರುವೇಕೆರೆ ಕಡೆ ಮರದಿಂದ ಇಳಿದ ಕಾಯಿ ನೇರವಾಗಿ ಪೇಟೆಗೆ ಹೋಗುವುದಿಲ್ಲ. ಮಟ್ಟೆ ಸಮೇತ ಅಟ್ಟ ಹತ್ತಿ ಹತ್ತು ಹನ್ನೊಂದು ತಿಂಗಳು ಕೂರುತ್ತದೆ. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಿಯವರೆಗೂ ಒಡೆದು ನೋಡುವ ಹಾಗಿಲ್ಲ. ಒಡೆದರೆ ಆ ಕಾಯಿಯ ಬಾಳು ಅಲ್ಲಿಗೆ ಮುಗಿಯಿತು. ಒಳಗೆ ಕೊಬ್ಬರಿಯಾಗಿದೆಯೋ, ಕೊಳೆತು ಕೌಟಾಗಿದೆಯೋ ತಿಳಿಯಲು ಅಲ್ಲಾಡಿಸಿ ಕೇಳಬೇಕು. ನೀರಿದ್ದರೆ ಲೊಳಕ್ ಅನ್ನುತ್ತದೆ. ಆಗಿದ್ದರೆ ಗಡಗಡ ಅನ್ನುತ್ತದೆ. ಕೆಟ್ಟಿದ್ದರೆ ಸದ್ದೇ ಬರುವುದಿಲ್ಲ. ಈ ಮೂರನ್ನು ಕೇಳುವುದರಲ್ಲಿ ಅತ್ತೆಯನ್ನು ಮೀರಿಸುವವರು ಸುತ್ತ ಹತ್ತು ಹಳ್ಳಿಯಲ್ಲಿ ಇಲ್ಲ. ಕೊಬ್ಬರಿ ವ್ಯಾಪಾರದವರೇ ಬಂದು ಅವಳ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು.

ಕಾಯಿಗೆ ನಿಂತಿದ್ದರೆ ಸರಿ ಇತ್ತು. ನಿಲ್ಲಲಿಲ್ಲ. ಮದುವೆಯ ಉಡುಗೊರೆ, ಸೊಸೆಯ ಸೂಟ್‌ಕೇಸು, ಪೋಸ್ಟಿನಲ್ಲಿ ಬಂದ ಲಕೋಟೆ, ಎಲ್ಲವೂ ಅವಳ ಕಿವಿಗೆ ಹಾಜರಿ ಹಾಕಿಯೇ ಮುಂದೆ ಹೋಗಬೇಕು. ಇಪ್ಪತ್ತೆರಡು ವರ್ಷದ ಹಿಂದೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಹುಡುಗನನ್ನು ಎತ್ತಿ ಅಲ್ಲಾಡಿಸುವುದೊಂದು ಆಗಲಿಲ್ಲ. ಅದಕ್ಕೆ ಬದಲಾಗಿ, "ಎಲ್ಲಿ, ಒಂಚೂರು ನಗಪ್ಪ" ಅಂದಳು. ಆತ ಕಕ್ಕಾಬಿಕ್ಕಿಯಾಗಿ ನಕ್ಕ. ಅತ್ತೆ ಕಣ್ಣುಮುಚ್ಚಿ ಕೇಳಿಸಿಕೊಂಡು, ಅಪ್ಪನ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಬಲ್ತೈತೆ ಕಣ್ಲಾ. ನೀರು ಇನ್ನೂ ಆರಿಲ್ಲ. ಇಕ್ಕಂಡ್ರೆ ಒಳ್ಳೆ ಕೊಬ್ಬರಿ ಆಗುತ್ತೆ. ಕೊಡು."

ಅಪ್ಪ ಕೊಟ್ಟರು. ಇವತ್ತಿಗೂ ನಮ್ಮಿಬ್ಬರಿಗೆ ಜಗಳವಾದಾಗ ನಮ್ಮ ಮನೆಯವರು, "ಅತ್ತೆಗೆ ಫೋನ್ ಮಾಡಿ ಕೇಳು, ಈಗಲಾದರೂ ಆರಿದೆಯಾ ಅಂತ" ಅನ್ನುತ್ತಾರೆ.

ನನ್ನ ಗಂಟನ್ನು ಮೊದಲು ಕಂಡುಹಿಡಿದವಳೂ ಇವಳೇ. ಯಾರದ್ದೋ ಗೃಹಪ್ರವೇಶದಲ್ಲಿ ಊಟಕ್ಕೆ ಪಕ್ಕದಲ್ಲಿ ಕೂತಿದ್ದಳು. ನಾನು ಹೋಳಿಗೆ ಮುರಿಯುತ್ತಿದ್ದೆ. ಎಡಗಿವಿಯ ಕೆಳಗೆ ಕೈಯಿಟ್ಟು, "ಇದೇನೇ ಇದು?" ಅಂದಳು.

"ಹಲ್ಲಿನ ಬಾವು ಅತ್ತೆ. ಹೋಗುತ್ತೆ."

"ಎಷ್ಟು ದಿನದಿಂದ ಐತೆ?"

ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ. ನಾಲ್ಕು ತಿಂಗಳಾಗಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಡಮ್ ನಾನು! ಮಕ್ಕಳಿಗೆ ಜೀವಕೋಶದ ಚಿತ್ರ ಬರೆಸುವವಳು, ನನ್ನ ಕಿವಿಯ ಕೆಳಗಿನ ಗೋಲಿ ಗಾತ್ರದ ಗಂಟಿಗೆ ಸೆರಗು ಮುಚ್ಚಿಕೊಂಡು ಓಡಾಡುತ್ತಿದ್ದೆ. ಅತ್ತೆ ಎಂಜಲು ಕೈಯನ್ನು ಎಲೆಯಿಂದಾಚೆ ಹಿಡಿದು, ಇನ್ನೊಂದು ಕೈಯಲ್ಲಿ ಗಂಟನ್ನು ಒತ್ತಿದಳು, ಉಗುರಿನಿಂದ ತಟ್ಟಿದಳು, ಕೊನೆಗೆ ಪಂಕ್ತಿಯವರೆಲ್ಲ ನೋಡುತ್ತಿದ್ದರೂ ಲೆಕ್ಕಿಸದೆ ನನ್ನ ಕೆನ್ನೆಗೆ ಕಿವಿ ಕೊಟ್ಟಳು. ನಾನು ತೀರ್ಪಿಗಾಗಿ ಕಾದೆ.

"ನಂಗೆ ಗೊತ್ತಾಗ್ಲಿಲ್ಲ ಕಣೇ" ಅಂದಳು. "ನಾಳೆನೇ ಡಾಕ್ಟ್ರಿಗೆ ತೋರ್ಸು."

ಅತ್ತೆಯ ಬಾಯಲ್ಲಿ ಗೊತ್ತಾಗಲಿಲ್ಲ ಎಂಬ ಮಾತು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮುರಿದ ಹೋಳಿಗೆಯನ್ನು ಎಲೆಯ ಮೇಲೇ ಬಿಟ್ಟು ಎದ್ದೆ.

ತಿಪಟೂರಿನ ಡಾಕ್ಟರು ನಮ್ಮ ಭಾಗದ ಕ್ಯಾನ್ಸರ್ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಜೊತೆಗೆ ಯಾರು ಹೋಗುವುದು ಎಂಬ ಮಾತು ಬಂದಾಗ ನಮ್ಮ ಮನೆಯವರು ರಜೆ ಹಾಕಲು ಹೊರಟರು. ಅತ್ತೆ ಬಿಡಲಿಲ್ಲ. "ಗಂಡಸರು ಆಸ್ಪತ್ರೇಲಿ ಏನ್ಮಾಡ್ತಾರೆ? ಪೇಪರ್ ಓದ್ತಾರೆ. ನಾನು ಬತ್ತೀನಿ" ಅಂದಳು. ಬೆಳಗಿನ ರೈಲಿಗೆ ಹಣೆ ತುಂಬ ವಿಭೂತಿ ಬಳಿದುಕೊಂಡು, ಒಂದು ಚೀಲ ಹಿಡಿದುಕೊಂಡು ಸ್ಟೇಷನ್ನಿನಲ್ಲಿ ನಿಂತಿದ್ದಳು. ಚೀಲದಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಅದರಲ್ಲಿ ಇದ್ದದ್ದು ಅಟ್ಟದಿಂದ ಇಳಿಸಿದ ಮೂರು ತೆಂಗಿನಕಾಯಿ. ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಡಾಕ್ಟರು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಕತ್ತು ಮುಟ್ಟಿ ನೋಡಿ, ಸ್ಕ್ಯಾನ್ ಆಗಬೇಕು, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದರು. ಅತ್ತೆ ಮೂರೂ ಕಾಯಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಇದ್ರಲ್ಲಿ ಆಗಿರೋದು ಯಾವ್ದು, ಹೇಳವ್ವ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೊರಗೆ ನೂರು ಜನ ಫೈಲು ಹಿಡಿದುಕೊಂಡು ಕಾಯುತ್ತಿದ್ದರು. ಆದರೆ ಆ ಡಾಕ್ಟರು ನಗಲೂ ಇಲ್ಲ, ಗದರಲೂ ಇಲ್ಲ. ಒಂದೊಂದಾಗಿ ಮೂರನ್ನೂ ಅಲ್ಲಾಡಿಸಿ ನಡುವಿನದನ್ನು ತೋರಿಸಿದರು.

"ತಪ್ಪು" ಅಂದಳು ಅತ್ತೆ. "ಅದು ಕೌಟು."

"ನೋಡಿದ್ರಾ ಅಜ್ಜಿ, ಅದಕ್ಕೇ ನಾವು ಬರೀ ಮುಟ್ಟಿ ನೋಡಿ ಹೇಳೋದಿಲ್ಲ. ಚೂರು ತೆಗೆದು ನೋಡಿ ಆಮೇಲೆ ಹೇಳ್ತೀವಿ."

"ಅಟ್ಟದ ಕಾಯಿಗೆ ತೂತು ಮಾಡಿದ್ರೆ ಕೆಡುತ್ತಲ್ಲವ್ವ?"

"ಕಾಯಿ ಕೆಡಬಹುದು. ಈ ಸೂಜಿಯಿಂದ ಏನೂ ಕೆಡಲ್ಲ. ಏನಾಗಿದೆ ಅಂತ ಗೊತ್ತಾಗದೆ ಬಿಟ್ಟರೆ ಮಾತ್ರ ಕೆಡುತ್ತೆ."

ಅತ್ತೆ ಕಾಯಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಮೇಲೆ ನನಗೆ ಹೇಳಿದಳು: "ಇವಳಿಗೆ ಕಾಯಿ ಗೊತ್ತಿಲ್ಲ. ಆದ್ರೆ ತನ್ಗೆ ಯಾವ್ದು ಗೊತ್ತಿಲ್ಲ ಅನ್ನೋದು ಗೊತ್ತೈತೆ. ಇವಳ ಕೈಲೇ ಮಾಡ್ಸು." ಅಲ್ಲಿಗೆ ಆ ಡಾಕ್ಟರ ನೇಮಕಾತಿ ಆಯಿತು.

ಸ್ಕ್ಯಾನಿನ ಕೋಣೆಯವನನ್ನು ಒಪ್ಪಿಸಲು ಮಾತ್ರ ಅವಳಿಂದ ಆಗಲಿಲ್ಲ. ಒಡೆಯದೆ ಒಳಗೆ ನೋಡುವ ಯಂತ್ರ ಎಂದು ಕೇಳಿದ್ದೇ ತಡ, "ಒಂದ್ ಕಾಯಿ ಮಲಗ್ಸಿ ನೋಡಪ್ಪ, ಎರಡು ನಿಮಿಷ" ಎಂದು ಹಿಂದೆ ಬಿದ್ದಳು. ಆತ ಕೈಮುಗಿದ. "ನನ್ ಕಿವಿಗೆ ಕರೆಂಟೂ ಬೇಡ, ಕ್ಯೂನೂ ಬೇಡ" ಎಂದು ಗೊಣಗಿಕೊಂಡು ಬಂದು ಕೂತಳು.

ವರದಿ ಬಂತು. ಕೌಟೇ. ಲಾಲಾರಸದ ಗ್ರಂಥಿಯ ಕ್ಯಾನ್ಸರ್. ಡಾಕ್ಟರು ನಿಧಾನವಾಗಿ ಹೇಳಿದರು: ಬೇಗ ಬಂದಿದ್ದೀರಿ, ಆಪರೇಷನ್ ಮಾಡಿ ತೆಗೆಯಬಹುದು, ಆಮೇಲೆ ಮೂವತ್ತು ದಿನ ರೇಡಿಯೇಷನ್, ಅದಾದಮೇಲೆ ಕೆಲವು ತಿಂಗಳು ಬಿಟ್ಟು ಸ್ಕ್ಯಾನ್ ಮಾಡಿದಾಗಲೇ ಪೂರ್ತಿ ಹೋಗಿದೆಯೋ ಇಲ್ಲವೋ ಗೊತ್ತಾಗುವುದು. ನನಗೆ ಬೇಗ ಎಂಬ ಮಾತು ಕೇಳಿಸಲೇ ಇಲ್ಲ. ನನ್ನ ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ. ಅವಳ ರಿಸಲ್ಟ್ ಬರುವ ಹೊತ್ತಿಗೆ ನಾನು ಇರುತ್ತೇನೆಯೇ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಆಪರೇಷನ್ನಿಗೆ ಎರಡು ದಿನ ಇರುವಾಗ ಅತ್ತೆ ಊರಿಗೆ ಹೋಗಿ ಬಂದಳು. "ನಿನ್ನ ಹೆಸರಲ್ಲಿ ಅಟ್ಟದ ಮೇಲೆ ಒಂದ್ ಕಾಯಿ ಇಕ್ಕಿದ್ದೀನಿ. ವಿಭೂತಿ ಹಚ್ಚಿ ಮೂಲೇಲಿ ಒಂಟಿಯಾಗಿ ಇಕ್ಕಿದ್ದೀನಿ, ಯಾರೂ ಮುಟ್ಟಂಗಿಲ್ಲ. ಅದು ಕೊಬ್ಬರಿ ಆಗೋ ಹೊತ್ಗೆ ನೀನೂ ಸರಿಹೋಗಿರ್ತೀಯ."

"ಅದು ಕೌಟಾದರೆ?" ಅಂದೆ, ವಿಜ್ಞಾನದ ಮೇಡಮ್ಮಿನ ಗತ್ತಿನಲ್ಲಿ.

"ಬಾಯಿ ಮುಚ್ಚು, ಮುಂಡೇದೆ" ಅಂದಳು.

ಆಪರೇಷನ್ ಆಯಿತು. ರೇಡಿಯೇಷನ್ನಿಗೆಂದು ಆಸ್ಪತ್ರೆಯ ಹತ್ತಿರವೇ ಒಂದು ರೂಮು ಮಾಡಿಕೊಂಡು ನಾವಿಬ್ಬರೂ ವಾರಕ್ಕೆ ಐದು ದಿನದ ಲೆಕ್ಕದಲ್ಲಿ ಆರು ವಾರ ಇದ್ದೆವು. ಅಷ್ಟರಲ್ಲಿ ರೋಗಿಗಳು ಕಾಯುವ ಹಾಲ್‌ನ ಆಡಳಿತ ಅತ್ತೆಯ ಕೈಗೆ ಬಂದಿತ್ತು. ಅಲ್ಲಿ ಯಾರೂ "ಅಯ್ಯೋ ಪಾಪ" ಅನ್ನುವ ಹಾಗಿರಲಿಲ್ಲ. ನಮ್ಮ ದೂರದ ನೆಂಟನೊಬ್ಬ ಸೇಬು ಹಿಡಿದುಕೊಂಡು ಬಂದು, ಆಪರೇಷನ್ನಿನಿಂದ ಸೊಟ್ಟಗಾದ ನನ್ನ ತುಟಿ ನೋಡಿ ಕರ್ಚೀಫು ತೆಗೆದ. ಅತ್ತೆ ಅವನ ಮೊಣಕೈ ಹಿಡಿದು ಬಾಗಿಲ ಕಡೆ ತಿರುಗಿಸಿದಳು. "ಇದು ಅಳೋ ಜಾಗ ಅಲ್ಲ ಕಣಪ್ಪ, ಕ್ಯೂ ಇರೋ ಜಾಗ. ಸೇಬು ಇಲ್ಲಿಟ್ಟು ಹೋಗು." ಆತ ಹೋದಮೇಲೆ ಸೇಬುಗಳನ್ನು ಒಂದೊಂದಾಗಿ ಅಲ್ಲಾಡಿಸಿ ಅಲ್ಲಿ ಕಾಯುತ್ತಿದ್ದವರಿಗೆಲ್ಲ ಹಂಚಿದಳು.

ರೇಡಿಯೇಷನ್ ಎಂದರೆ ತಲೆ ಅಲ್ಲಾಡಬಾರದು. ಅದಕ್ಕೆ ನನ್ನ ಮುಖದ ಅಚ್ಚು ತೆಗೆದು, ತೂತು ತೂತಿನ ಬಿಳಿ ಪ್ಲಾಸ್ಟಿಕ್ಕಿನ ಮುಖವಾಡ ಮಾಡಿ, ದಿನಾ ಅದನ್ನು ತೊಡಿಸಿ ಮಂಚಕ್ಕೆ ಬಿಗಿಯುತ್ತಿದ್ದರು. ಅದರೊಳಗೆ ಕಣ್ಣುಮುಚ್ಚಿಕೊಂಡು ಮಗಳ ಹೆಸರು ಜಪಿಸುತ್ತಿದ್ದೆ. ಹದಿನೈದನೇ ದಿನದ ಹೊತ್ತಿಗೆ ನಾಲಿಗೆಯ ರುಚಿ ಹೋಯಿತು. ಮುದ್ದೆ, ಅನ್ನ, ಬೆಲ್ಲ ಎಲ್ಲವೂ ಒದ್ದೆ ಕಾಗದದ ಹಾಗೆ. ಅತ್ತೆ ರಾಗಿ ಗಂಜಿಗೆ ಮಜ್ಜಿಗೆ ಬೆರೆಸಿ ಲೋಟ ಹಿಡಿದು ಎದುರಿಗೆ ಕೂತುಬಿಡುತ್ತಿದ್ದಳು. ನಾನು ಕುಡಿದೆ ಎಂದರೆ ನಂಬುತ್ತಿದ್ದಳೇ? ಲೋಟ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದಳು.

ಮೂವತ್ತನೇ ದಿನ ಮುಖವಾಡವನ್ನು ನಮಗೇ ಕೊಟ್ಟರು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಬಿಸಾಕು ಅತ್ತೆ" ಅಂದೆ. ಅವಳು ಏನನ್ನಾದರೂ ಬಿಸಾಕುವುದುಂಟೇ? ತೋಟಕ್ಕೆ ತೆಗೆದುಕೊಂಡು ಹೋಗಿ, ಕೋತಿಗಳು ಎಳನೀರು ಕೀಳುವ ಮರದ ಬುಡದಲ್ಲಿ ಗಳಕ್ಕೆ ಕಟ್ಟಿ, ತಲೆಗೊಂದು ಹಳೇ ಪಂಚೆ ಸುತ್ತಿ ನಿಲ್ಲಿಸಿದಳು. ಎಂಟು ದಿನ ಬಿಟ್ಟು ಫೋನು ಬಂತು.

"ಒಂದ್ ಕೋತಿನೂ ಬಂದಿಲ್ಲ ಕಣೇ. ನಿನ್ ಮುಖಕ್ಕೆ ಈಗ ಒಂದ್ ಬೆಲೆ ಬಂತು ನೋಡು."

ಆಪರೇಷನ್ ಆದಮೇಲೆ ನಾನು ಮೊದಲ ಸಲ ಬಾಯಿತುಂಬ ನಕ್ಕದ್ದು ಅವತ್ತು. ತುಟಿ ಸೊಟ್ಟಗೇ ಇತ್ತು. ಇದ್ದರೆ ಇರಲಿ ಎಂದು ನಕ್ಕೆ.

ಆಮೇಲೆ ಕಾಯುವ ತಿಂಗಳುಗಳು. ಸ್ಕ್ಯಾನಿನ ದಿನದವರೆಗೆ ಮಾಡಲು ಏನೂ ಇರಲಿಲ್ಲ, ಅದೇ ಕಷ್ಟ. ಪ್ರತಿ ಸೋಮವಾರ ಪೂಜೆ ಮುಗಿಸಿ ಅತ್ತೆ ಫೋನು ಮಾಡುತ್ತಿದ್ದಳು. "ನಿನ್ ಕಾಯಿ ಚೆನ್ನಾಗೈತೆ. ಇವತ್ತು ಅಲ್ಲಾಡ್ಸಿದೆ, ಲೊಳಕ್ ಅನ್ನುತ್ತೆ." ಒಂದೆರಡು ತಿಂಗಳು ಕಳೆದ ಮೇಲೆ, "ನೀರು ಅರ್ಧ ಆರೈತೆ." ಇನ್ನೂ ಸ್ವಲ್ಪ ದಿನಕ್ಕೆ, "ಬಿಡಿಸ್ಕೊತಾ ಐತೆ, ಸದ್ದು ಬದಲಾಗೈತೆ." ಇದೆಲ್ಲ ಮೂಢನಂಬಿಕೆ ಎಂದು ತರಗತಿಯಲ್ಲಿ ಪಾಠ ಮಾಡುವವಳು ಸೋಮವಾರ ಬೆಳಗ್ಗೆ ಫೋನು ಎಲ್ಲಿದೆ ಎಂದು ಮನೆಯೆಲ್ಲ ಹುಡುಕುತ್ತಿದ್ದೆ. ಮಗಳ ರಿಸಲ್ಟ್ ಬಂತು, ಪಾಸಾದಳು, ನಾನು ಇದ್ದೆ. ಆದರೂ ಒಳಗಿನ ಅಳುಕು ಹೋಗಲಿಲ್ಲ.

ಕಾಯಿ ಅಟ್ಟ ಹತ್ತಿದ ಹನ್ನೊಂದನೇ ತಿಂಗಳಿನಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರು ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಮೇಲೆ ಕೆಳಗೆ ಸರಿಸಿ ನೋಡಿದರು. ಅತ್ತೆ ನನ್ನ ಮುಂಗೈ ಹಿಡಿದಿದ್ದಳು. ಆಮೇಲೆ ನೋಡಿದರೆ ಅಲ್ಲಿ ನಾಲ್ಕು ಉಗುರಿನ ಗುರುತು ಇತ್ತು.

"ಏನೂ ಇಲ್ಲ. ಪೂರ್ತಿ ಹೋಗಿದೆ" ಅಂದರು ಡಾಕ್ಟರು. "ಆಗಾಗ ಬಂದು ತೋರಿಸಿಕೊಂಡು ಹೋಗಿ, ಸಾಕು."

"ಇನ್ನೊಂದ್ ಸಲ ಹೇಳವ್ವ" ಅಂದಳು ಅತ್ತೆ.

"ಏನೂ ಇಲ್ಲ ಅಜ್ಜಿ."

"ಇನ್ನೊಂದ್ ಸಲ."

ಡಾಕ್ಟರು ಬೇಸರವಿಲ್ಲದೆ ಮೂರನೇ ಸಲವೂ ಹೇಳಿದರು. ನಾನು ಹೊರಗೆ ಬಂದು ಅದೇ ಹಾಲ್‌ನಲ್ಲಿ ಕೂತು ಜೋರಾಗಿ ಅತ್ತುಬಿಟ್ಟೆ. ಅಳೋ ಜಾಗ ಅಲ್ಲ ಎಂದು ಅವತ್ತು ಅವಳು ಹೇಳಲಿಲ್ಲ.

ಮಾರನೇ ದಿನ ದಂಡಿನಶಿವರಕ್ಕೆ ಹೋದೆ. ಅತ್ತೆ ಸೀರೆ ಎತ್ತಿಕಟ್ಟಿ, ಸೊಸೆ ಬೇಡ ಬೇಡ ಅನ್ನುತ್ತಿದ್ದರೂ ಏಣಿ ಹತ್ತಿದಳು. ಹಿಂದೆಯೇ ನಾನೂ ಹತ್ತಿದೆ. ಅಟ್ಟದ ತುಂಬ ಕಾಯಿ. ಮೂಲೆಯಲ್ಲಿ ಒಂಟಿಯಾಗಿ ನನ್ನದು ಕೂತಿತ್ತು, ಮೇಲೆ ಮೂರು ಬೆರಳಿನ ವಿಭೂತಿ ಹಾಗೇ ಇತ್ತು. ಕಾಯಿಯಿಂದ ತೊಲೆಯವರೆಗೆ ಜೇಡರ ಬಲೆ ಕಟ್ಟಿತ್ತು. ಹಳೇ ಬಲೆ, ಧೂಳು ಹಿಡಿದು ಕಪ್ಪಾಗಿತ್ತು. ಒಂದು ಎಳೆಯೂ ಹರಿದಿರಲಿಲ್ಲ.

"ಅತ್ತೆ, ಇದನ್ನ ಮುಟ್ಟೇ ಇಲ್ವಾ ನೀನು?"

ಅವಳು ಸೆರಗಿನಿಂದ ತೊಲೆಯ ಧೂಳು ಒರೆಸತೊಡಗಿದಳು.

"ಸೋಮವಾರ ಸೋಮವಾರ ಫೋನಲ್ಲಿ ಹೇಳ್ತಿದ್ದೆಯಲ್ಲ, ಲೊಳಕ್ ಅನ್ನುತ್ತೆ, ಆರ್ತಾ ಐತೆ ಅಂತ?"

"ಸುಳ್ಳು ಹೇಳ್ದೆ ಬುಡು" ಅಂದಳು. "ಏಣಿ ಹತ್ತಿ ಬತ್ತಿದ್ದೆ. ಇಲ್ಲೇ ನಿಂತ್ಕೊಂಡು ನೋಡಿ ಇಳಿದು ಹೋಗ್ತಿದ್ದೆ. ಅಲ್ಲಾಡ್ಸಿದಾಗ ಸದ್ದು ಬರ್ದೇ ಹೋಗಿದ್ರೆ ನಾನ್ ಏನೇ ಮಾಡ್ಲಿ? ಆಮೇಲೆ ನಿಂಗೆ ಫೋನಲ್ಲಿ ಏನಂತ ಹೇಳ್ಲಿ? ಸಾವಿರ ಕಾಯಿ ಕೇಳಿದ ಕೈ ಕಣೇ ಇದು. ಇದೊಂದ್ರ ಮೇಲೆ ಮಾತ್ರ ಕೈ ಏಳಲಿಲ್ಲ."

ಅತ್ತೆಯನ್ನು ಅಷ್ಟು ಸಣ್ಣಗೆ ನಾನು ಯಾವತ್ತೂ ನೋಡಿರಲಿಲ್ಲ. ಬಲೆ ಬಿಡಿಸಿ ಕಾಯಿ ಎತ್ತಿಕೊಂಡೆ. ನನಗೂ ಭಯವಾಯಿತು, ನಿನ್ನೆಯಷ್ಟೇ ಸ್ಕ್ಯಾನ್ ನೋಡಿ ಬಂದ ವಿಜ್ಞಾನದ ಮೇಡಮ್ಮಿಗೆ! ಕಣ್ಣುಮುಚ್ಚಿಕೊಂಡ ಅವಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

ಗಡಗಡ ಅಂದಿತು.

ಅವಳು ಕಣ್ಣು ತೆರೆಯಲಿಲ್ಲ. ಕಣ್ಣೀರು ಮಾತ್ರ ಮುಚ್ಚಿದ ರೆಪ್ಪೆಯಿಂದಲೇ ಇಳಿಯಿತು.

ಕೆಳಗೆ ಬಂದು ಮಟ್ಟೆ ಸುಲಿದು, ಮಚ್ಚಿನಿಂದ ಚಿಪ್ಪು ತಟ್ಟಿ ಬಿಡಿಸಿ, ಕೊಬ್ಬರಿಯನ್ನು ಹೋಳು ಮಾಡಿ ಒಂದು ಚೂರು ನನ್ನ ಬಾಯಿಗೆ ಇಟ್ಟಳು. ಒಣಗಿದ ಬಾಯಿ, ಅಗಿಯಲು ಹೊತ್ತು ಹಿಡಿಯಿತು. ತಿಂಗಳುಗಟ್ಟಲೆ ಸತ್ತುಹೋಗಿದ್ದ ನಾಲಿಗೆಯ ಎಡಗಡೆಯಲ್ಲಿ ಏನೋ ಮೆಲ್ಲಗೆ ಎದ್ದಿತು.

"ಹೆಂಗೈತೆ?" ಅಂದಳು. ಜೀವಮಾನವೆಲ್ಲ ಒಳಗೇನಿದೆ ಎಂದು ಊರಿಗೇ ಹೇಳಿದವಳು ನನ್ನನ್ನು ಕೇಳುತ್ತಿದ್ದಳು.

"ಸಿಹಿ ಅತ್ತೆ."

"ಇನ್ನೊಂದ್ ಸಲ ಹೇಳು" ಅಂದಳು.

ಹೇಳಿದೆ.