ಬಾಜೂ ಮನಿ ಮಾಸ್ತರ ಬೆಂಕಿ ಉಂಡಿ

ಇಂಥವು ನನ್ನ ಪಾಲಿಗೇ ಯಾಕೆ ಬರುತ್ತವೋ ಗೊತ್ತಿಲ್ಲ. ಬೇರೆಯವರು ಬಾಜೂ ಮನೆಯವರ ಕಾರು, ಹೊಲ, ಮಗಳಿಗೆ ಬಂದ ಸಂಬಂಧ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಾರೆ. ನಾನು ಉರಿಸಿಕೊಂಡದ್ದು ಕಟ್ಟಿಗೆ ಹೊಟ್ಟು, ಹಳೇ ಪೇಪರು, ಮೇಣಬತ್ತಿ ತುಂಡು ನೋಡಿ. ಅದೂ ಒಂದು ಚಳಿಗಾಲ ಪೂರ್ತಿ.

ಒಂದೇ ಕಡ್ಡಿ

ನಾವಿರುವುದು ಶಹಾಪುರದಲ್ಲಿ. ನನ್ನ ನೌಕರಿ ಸುರಪುರದ ಒಂದು ಸರಕಾರಿ ಕಚೇರಿಯಲ್ಲಿ, ಗುಮಾಸ್ತನದು. ದಿನಾ ಮುಂಜಾನೆ ಬಸ್ಸು ಹಿಡಿಯುವ ಮೊದಲು ಜಳಕದ ನೀರಿಗೆ ಒಲೆ ಹಚ್ಚುವುದು ಮದುವೆಯಾದಾಗಿನಿಂದ ನನ್ನ ಕೆಲಸ. ಅಡಿಗೆಗೆ ಗ್ಯಾಸಿದೆ. ಆದರೆ ಹಿತ್ತಲ ಒಲೆಯ ಮೇಲೆ ಹಂಡೆಯಲ್ಲಿ ಕಾಯ್ದ ನೀರು ಬೀಳದಿದ್ದರೆ ಜಳಕ ಮಾಡಿದಂಗ ಆಗೋದಿಲ್ಲ ಅನ್ನುತ್ತಾಳೆ ನನ್ನ ಹೆಂಡತಿ. ರೇಷನ್ನಿನಲ್ಲಿ ಚಿಮಣಿ ಎಣ್ಣೆ ಸಿಗುವ ತನಕ ನಾನು ಈ ಕೆಲಸದಲ್ಲಿ ಹುಲಿ. ಎಣ್ಣೆ ನಿಂತಿತು, ಹುಲಿ ಇಲಿಯಾಯಿತು. ತೊಗರಿ ಕಟ್ಟಿಗೆ ಒಟ್ಟಿ, ಪೇಪರು ತುರುಕಿ, ಅರ್ಧ ಕಡ್ಡಿಪೆಟ್ಟಿಗೆ ಗೀರಿದರೂ ಬರುವುದು ಬರೀ ಹೊಗೆ. ಅಡಿಗೆ ಮನೆಯಿಂದ ಹೆಂಡತಿಯ ಕೆಮ್ಮು ಕೇಳಿಸುತ್ತಿತ್ತು. ಬೈಗುಳದ ಬದಲು ಆ ಕೆಮ್ಮೇ ಸಾಕಾಗುತ್ತಿತ್ತು.

ಗೋಡೆಯ ಆಚೆ ಪ್ರಾಥಮಿಕ ಶಾಲೆಯ ಮಾಸ್ತರರೊಬ್ಬರಿದ್ದಾರೆ. ಭಾಳ ಸಂಭಾವಿತ ಮನುಷ್ಯ, ಅದೇ ನನ್ನ ತೊಂದರೆ. ಒಂದು ಮುಂಜಾನೆ ನನ್ನ ಹೆಂಡತಿ ಗೋಡೆಯ ಮೇಲಿಂದ ಇಣುಕಿ ನೋಡಿ ನಿಂತುಬಿಟ್ಟಳು. ಮಾಸ್ತರು ಕಟ್ಟಿಗೆಯ ಕೆಳಗೆ ಉಂಡಿಯಂಥದ್ದೊಂದು ಇಟ್ಟು, ಒಂದು ಕಡ್ಡಿ ಗೀರಿ, ಎದ್ದು ಹೋಗಿ ಪೇಪರು ಓದುತ್ತ ಕೂತರು. ಒಲೆ ತಾನೇ ಭುಗುಭುಗು ಉರಿಯುತ್ತಿತ್ತು.

ಶಾಲೆಯಲ್ಲಿ ಮಕ್ಕಳಿಗೆ ಕೊಡುವ ತತ್ತಿ ಬರುತ್ತವಲ್ಲ, ಆ ರಟ್ಟಿನ ಟ್ರೇದ ಕುಳಿಗಳಲ್ಲಿ ಬಡಿಗೇರ ಅಂಗಡಿಯ ಹೊಟ್ಟು, ಪೇಪರಿನ ಚೂರು ತುಂಬಿ, ಮೇಣಬತ್ತಿ ತುಂಡು ಕರಗಿಸಿ ಮೇಲೆ ಸುರಿಯುತ್ತಾರಂತೆ. ಆರಿದ ಮೇಲೆ ಒಂದೊಂದೇ ಕತ್ತರಿಸಿ ಇಟ್ಟುಕೊಳ್ಳುತ್ತಾರಂತೆ. ಇದನ್ನೆಲ್ಲ ಅವರೇ ಗೋಡೆಯಾಚೆಯಿಂದ ನಗುನಗುತ್ತ ಹೇಳಿ, ಎರಡು ಉಂಡಿ ನನ್ನ ಕೈಗೆ ಹಾಕಿದರು. ಮುಚ್ಚಿಟ್ಟುಕೊಂಡಿದ್ದರೆ ಅವರನ್ನು ಬೈದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಅವರ ಉಂಡಿ ನಮಗೆ ಬೇಡವೆಂದು ಅಟ್ಟದ ಮೇಲೆ ಒಗೆದೆ. ಮರುದಿನ ನಾನು ಹಲ್ಲು ತಿಕ್ಕಿ ಬರುವಷ್ಟರಲ್ಲಿ ನೀರು ಕುದಿಯುತ್ತಿತ್ತು. ಒಲೆ ಯಾರು ಹಚ್ಚಿದರೆಂದು ಹೆಂಡತಿಯನ್ನು ಕೇಳಿದೆ.

"ಅಟ್ಟದ ಮ್ಯಾಲಿನ ಉಂಡಿ ಇಟ್ಟೆ, ಮಾಸ್ತರು ಹಚ್ಚಿದಂಗ ಆತು ನೋಡ್ರಿ," ಅಂದಳು. "ಚಿಮಣಿ ಎಣ್ಣಿ ನಿಂತ ಮ್ಯಾಲ ಇವತ್ತ ನನಗ ಕಣ್ಣು ತೆರೆದು ಛಾ ಮಾಡಾಕ ಬಂತು."

ಅರಗಿನ ಪ್ರಯೋಗ

ನಾನೂ ಮಾಡಿ ತೋರಿಸಬೇಕೆಂದು ಹಟ ಹುಟ್ಟಿತು. ಹೊಟ್ಟು ತಂದೆ, ಪೇಪರು ಹರಿದೆ. ಮೇಣಬತ್ತಿ ತುಂಡು ಮಾತ್ರ ಮನೆಯಲ್ಲಿ ಒಂದೂ ಇರಲಿಲ್ಲ. ಹೋದ ವರ್ಷ ಇನ್ವರ್ಟರ್ ಕೂರಿಸಿದ್ದೆ. ಕರೆಂಟು ಹೋದಾಗಲೆಲ್ಲ ಮಾಸ್ತರ ಮನೆಯಲ್ಲಿ ಮೇಣಬತ್ತಿ ಮಿಣಮಿಣ ಅನ್ನುವುದನ್ನು ಕಂಡು ಒಳಗೊಳಗೇ ಹಿಗ್ಗಿದ್ದೆ. ಈಗ ಆ ತುಂಡುಗಳೆಲ್ಲ ಅವರ ಸಂಪತ್ತು. ಹೊಸ ಮೇಣಬತ್ತಿ ಕೊಂಡು ಕರಗಿಸಿದರೆ ಸೋತಂತೆ. ಮನೆಯ ಹಳೇ ಸಾಮಾನಿನಿಂದಲೇ ಮಾಡುವುದು ಇದರ ಗಮ್ಮತ್ತು.

ಆಗ ನೆನಪಾದದ್ದು ಅರಗು. ನಮ್ಮ ಕಚೇರಿಗೆ ಬರುವ ಮೊಹರು ಮಾಡಿದ ಲಕೋಟೆಗಳನ್ನು ಹರಿದು ಬುಟ್ಟಿಗೆ ಹಾಕುತ್ತಾರೆ. ಅವುಗಳ ಮೇಲಿನ ಕೆಂಪು ಅರಗನ್ನು ಉಗುರಿನಿಂದ ಕಿತ್ತು ಕಿತ್ತು ಊಟದ ಡಬ್ಬಿಯಲ್ಲಿ ತುಂಬಿಕೊಂಡು ಬಂದೆ. ಮೇಣ ಕರಗುತ್ತದೆ, ಅರಗೂ ಕರಗುತ್ತದೆ, ಎರಡಕ್ಕೂ ಏನು ಫರಕು ಎಂಬುದು ನನ್ನ ಲೆಕ್ಕಾಚಾರ.

ಕೆಂಪಗೆ ನೋಡಲು ಚೆಂದದ ಉಂಡಿಗಳೇ ಆದವು. ರಜೆ ಇದ್ದ ಐತವಾರ ಬೇಕೆಂದೇ ಮಾಸ್ತರು ಹಿತ್ತಲಿಗೆ ಬರುವುದನ್ನು ಕಾದು ನಾಲ್ಕು ಉಂಡಿ ಒಟ್ಟಿಗೇ ಇಟ್ಟು ಹಚ್ಚಿದೆ. ಬುಸ್ಸೆಂದು ಕರಿ ಹೊಗೆ ಎದ್ದಿತು, ಸುಟ್ಟ ವಾಸನೆ ಓಣಿಯ ತುದಿಯ ತನಕ ಹೋಯಿತು. ಅರಗು ಕರಗಿ, ಕಟ್ಟಿಗೆ, ಬೂದಿ, ಒಲೆಯ ಕಲ್ಲು ಎಲ್ಲದರ ಮೇಲೂ ಹರಿದು, ಆರಿ, ಕಲ್ಲಿನಂತೆ ಗಟ್ಟಿಯಾಯಿತು. ಒಂದು ಕಟ್ಟಿಗೆ ಜಗ್ಗಿದರೆ ಒಲೆಯ ಕಲ್ಲೇ ಅಲುಗುತ್ತಿತ್ತು.

ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ಎಲ್ಲವನ್ನೂ ನೋಡಿದಳು. ಗೋಡೆಯಾಚೆ ಮಾಸ್ತರು ಇದ್ದಾರೆಂಬುದೂ ಅವಳಿಗೆ ಗೊತ್ತಿತ್ತು.

"ಒಲಿ ಹಚ್ಚರಿ ಅಂದ್ರ ಸರಕಾರದವರು ಮೊಹರು ಹಾಕಿ ಒಲಿ ಜಪ್ತಿ ಮಾಡ್ಯಾರ," ಅಂದಳು.

ಮಾವನ ತಲೆ

ಡಿಸೆಂಬರದಲ್ಲಿ ನನ್ನ ಮಾವ ಸಗರದಿಂದ ಕಣ್ಣು ತೋರಿಸಿಕೊಳ್ಳಲು ಬಂದು ಎರಡು ವಾರ ಉಳಿದರು. ಅಷ್ಟರಲ್ಲಿ ಮೇಣವಿಲ್ಲದ ಉಪಾಯವೊಂದು ನನಗೆ ಹೊಳೆದಿತ್ತು. ಮಿರ್ಚಿ ಬಜ್ಜಿ ಕರಿದು ಉಳಿದ ಕರಿ ಎಣ್ಣೆಯಲ್ಲಿ ಅರಳೆ ಅದ್ದಿ, ಹಳೇ ಪೇಪರಿನಲ್ಲಿ ಬಿಗಿಯಾಗಿ ಸುತ್ತುವುದು. ಹಚ್ಚಿ ನೋಡಿದೆ. ಮೊದಲ ಕಡ್ಡಿಗೇ ಹತ್ತಿತು. ಆ ದಿನ ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿದೆ.

ಅರಳೆ ಎಲ್ಲಿಂದ ಬಂತು ಎಂದು ಮಾತ್ರ ಮನೆಯಲ್ಲಿ ಹೇಳಿರಲಿಲ್ಲ. ಬಂದವರಿಗೆಂದು ಇಟ್ಟ ಒಂದು ದೊಡ್ಡ ದಿಂಬಿತ್ತು, ಅದರ ಹೊಲಿಗೆ ಒಂದು ಕಡೆ ಬಿಚ್ಚಿತ್ತು. ದಿನಾ ಸಂಜೆ ಮಾವ ಕಟ್ಟೆಯ ಮೇಲೆ ಗಾಳಿಗೆ ಕೂತಾಗ ಅದರಿಂದ ಒಂದು ಹಿಡಿ ಎಳೆದುಕೊಳ್ಳುತ್ತಿದ್ದೆ. ಮಾಸ್ತರು ಗೋಡೆಯಾಚೆಯಿಂದ ನನ್ನ ಒಲೆ ನೋಡಿ ಭೇಷ್ ಅಂದಿದ್ದರು. ಆ ಒಂದು ಮಾತಿಗೆ ನಾನು ದಿಂಬೇನು, ಗಾದಿಯನ್ನೂ ಬಿಚ್ಚುವವನಿದ್ದೆ.

ಮಾವ ಮುಂಜಾನೆ ಎದ್ದ ಕೂಡಲೇ ಎಣ್ಣೆಯ ವಾಸನೆಗೆ ಮೂಗೆಳೆದು, ಬಜ್ಜಿ ಬರುತ್ತವೆಂದು ಕಾದು ಕೂರುತ್ತಿದ್ದರು. ಉಪ್ಪಿಟ್ಟು ಬಂದಾಗ ಮುಖ ಸಣ್ಣದು ಮಾಡುತ್ತಿದ್ದರು. ಎಂಟನೆಯ ದಿನ ಮಗಳನ್ನು ಹತ್ತಿರ ಕರೆದು, ಕಣ್ಣಿನ ಡಾಕ್ಟರ್ ಬೇಡ, ದೊಡ್ಡ ಡಾಕ್ಟರಿಗೆ ತೋರಿಸು, ಯಾದಗಿರಿಗಾದರೂ ಹೋಗೋಣ ಅಂದರು. ಅವಳು ಗಾಬರಿಯಾಗಿ ಏನಾಗಿದೆ ಎಂದು ಕೇಳಿದಳು.

"ತಲಿ ಭಾರ ಆಗಾಕತ್ತದವಾ," ಅಂದರು ಮಾವ. "ಬಂದ ದಿನ ದಿಂಬಿನ ಮ್ಯಾಲ ಇತ್ತು. ದಿನಾ ಒಂದೊಂದು ಬೆರಳು ಕೆಳಗ ಇಳಿದು, ಈಗ ನೆಲಕ್ಕ ಹತ್ತೇದ."

ಹೆಂಡತಿ ಒಳಗೆ ಹೋಗಿ ದಿಂಬು ಎತ್ತಿದಳು. ಅದು ಟವೆಲಿನಂತೆ ಜೋತುಬಿತ್ತು. ಅದನ್ನು ಹಿಡಿದುಕೊಂಡೇ ಹೊರಗೆ ಬಂದು, ಮೊದಲು ನನ್ನನ್ನು ನೋಡಿ, ಆಮೇಲೆ ತಂದೆಗೆ ಹೇಳಿದಳು:

"ನಿನ್ನ ತಲಿ ಭಾರ ಆಗಿಲ್ಲಪ್ಪ. ನಿನ್ನ ಅಳಿಯನ ತಲಿ ಹಗುರಾಗೇದ."

ಸಗರದ ಸನ್ಮಾನ

ಊರಿಗೆ ಹೋದ ಮಾವ ಅಲ್ಲಿ ಹೊಗಳಿದ್ದು ನನ್ನ ಅರಳೆ ಬತ್ತಿಯನ್ನಲ್ಲ, ಗೋಡೆಯಾಚೆ ಕಂಡ ಮಾಸ್ತರ ಉಂಡಿಯನ್ನು. ಸಗರದ ಹೆಣ್ಣುಮಕ್ಕಳ ಸಂಘದವರು ಮಾಸ್ತರಿಗೆ ಹೇಳಿಕಳಿಸಿ, ಬಂದು ಉಂಡಿ ಮಾಡುವುದನ್ನು ಕಲಿಸಿರೆಂದು ಕೇಳಿದರು. ನನ್ನ ಸ್ವಂತ ಮಾವನ ಊರು, ನನ್ನ ಸ್ವಂತ ಮಾವನ ಶಿಫಾರಸು, ಸನ್ಮಾನ ಬಾಜೂ ಮನೆಯವರಿಗೆ. ಮಾಸ್ತರು ನಮ್ಮನ್ನೂ ಜೊತೆಗೆ ಕರೆದರು. ಹೆಂಡತಿ ಇಳಕಲ್ ಸೀರೆ ಉಟ್ಟಳು. ನನ್ನ ಬಡ್ತಿಯ ದಿನವೂ ಆ ಸೀರೆ ಪೆಟ್ಟಿಗೆಯಿಂದ ಹೊರಗೆ ಬಂದಿರಲಿಲ್ಲ.

ಸಮುದಾಯ ಭವನದ ಅಂಗಳದಲ್ಲಿ ಹೆಣ್ಣುಮಕ್ಕಳು ತುಂಬಿ ಕೂತಿದ್ದರು. ಮಾಸ್ತರು ಉಂಡಿಯ ಚೀಲವನ್ನು ನನ್ನ ಹತ್ತಿರ ಬಿಟ್ಟು ಛಾ ಕುಡಿಯಲು ಹೋದರು. ಕುರ್ಚಿಯ ಬದಿಯಲ್ಲಿ ಒಂದು ಚರಗಿ ನೀರಿತ್ತು. ಒಂದು ಉಂಡಿಯೂ ಹತ್ತಬಾರದು ಅನ್ನಿಸಿತು. ಆ ಕಡೆ ಈ ಕಡೆ ನೋಡಿ ಚರಗಿಯನ್ನು ಪೂರ್ತಿ ಚೀಲದೊಳಗೆ ಬಗ್ಗಿಸಿದೆ.

ಆಮೇಲೆ ಮಾಸ್ತರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬರೆದುಕೊಂಡ ಚೀಟಿ. ಇಪ್ಪತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವರು ಇಷ್ಟು ಮಂದಿ ದೊಡ್ಡವರ ಮುಂದೆ ಎಂದೂ ಮಾತಾಡಿಲ್ಲವೆಂದು ಮೆಲ್ಲಗೆ ನನಗೆ ಹೇಳಿದರು. ಆಗ ನನಗೆ ಚೀಲ ಎತ್ತಿಕೊಂಡು ಓಡಿಹೋಗಬೇಕೆನಿಸಿತು. ಆದರೆ ಅವರು ಆಗಲೇ ಕೈಹಾಕಿದ್ದರು.

ಉಂಡಿ ಹೊರಗೆ ಬಂತು. ನೀರು ಅವರ ಮುಂಗೈ ಮೇಲಿಂದ ಮೊಣಕೈ ತನಕ ಇಳಿಯಿತು. ಅವರು ನನ್ನ ಕಡೆ ನೋಡಿದರು, ನನ್ನ ಅಂಗಿಯ ತೊಯ್ದ ತೋಳು ನೋಡಿದರು, ಕಾಲ ಬಳಿಯ ಖಾಲಿ ಚರಗಿ ನೋಡಿದರು. ಆಮೇಲೆ ಉಂಡಿಯನ್ನು ಕರವಸ್ತ್ರದಿಂದ ಒರೆಸಿ, ಕಟ್ಟಿಗೆಯ ಅಡಿಗಿಟ್ಟು ಕಡ್ಡಿ ಗೀರಿದರು. ಹತ್ತಲಿಲ್ಲ. ಎರಡನೆಯ ಕಡ್ಡಿಗೆ ಚಟಚಟ ಅಂದಿತು. ಮೂರನೆಯದಕ್ಕೆ ಭಗ್ಗನೆ ಹತ್ತಿ, ಆಳೆತ್ತರ ಉರಿಯಿತು. ಮೇಣ ಕುಡಿದ ಹೊಟ್ಟಿಗೆ ನೀರು ಹತ್ತುವುದಿಲ್ಲವೆಂಬುದು ನನಗೆ ಗೊತ್ತಿರಲಿಲ್ಲ.

ಹೆಣ್ಣುಮಕ್ಕಳು ಎದ್ದು ನಿಂತೇ ಚಪ್ಪಾಳೆ ಹೊಡೆದರು. ಮಾಸ್ತರು ಚೀಟಿಯನ್ನು ಕಿಸೆಯಲ್ಲಿಟ್ಟು ನನ್ನ ಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಹೋದರು.

"ಮಳಿಗಾಲದಾಗ ಹ್ಯಾಂಗ್ರಿ ಅಂತ ನೀವು ಕೇಳವರಿದ್ರಿ," ಅಂದರು. "ನನಗ ಇದು ಹೊಳದಿರಲಿಲ್ಲ. ನಮ್ಮ ಬಾಜೂ ಮನಿ ಸಾಹೇಬ್ರಿಗೆ ಹೊಳೀತು. ನೀರು ಹಾಕಿ ಪರೀಕ್ಷಾ ಮಾಡಿದವರು ಅವರು."

ಅವರು ನಿಜವಾಗಿ ಹಾಗೆಂದುಕೊಂಡರೋ, ನನ್ನ ಮಾನ ಕಾಯ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. ಸಂಘದವರು ಅವರಿಗೆಂದು ತಂದ ಒಂದೇ ಒಂದು ಶಾಲನ್ನು ಅವರು ನನ್ನ ಹೆಗಲಿಗೆ ಹೊದಿಸಿಬಿಟ್ಟರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದದ್ದು ನನ್ನ ಮಾವ. ಹೆಂಡತಿ ಒಬ್ಬಳೇ ಹೊಡೆಯಲಿಲ್ಲ. ಅವಳು ಚರಗಿಯನ್ನೇ ನೋಡುತ್ತಿದ್ದಳು.

ಬಸ್ಸಿನಲ್ಲಿ ಮಾಸ್ತರು ಮುಂದಿನ ಸೀಟಿನಲ್ಲಿ ಕೂತಲ್ಲೇ ತೂಕಡಿಸಿದರು. ಶಹಾಪುರ ಹತ್ತಿರ ಬಂದಾಗ ನನ್ನ ಹೆಂಡತಿ ಶಾಲನ್ನು ನಾಲ್ಕು ಮಡಿಕೆ ಮಾಡಿ ನನ್ನ ತೊಡೆಯ ಮೇಲಿಟ್ಟು, ಮಾಸ್ತರಿಗೆ ಎಚ್ಚರಾಗದಂತೆ ಮೆಲ್ಲಗೆ ಅಂದಳು:

"ಉಂಡಿಗೆ ನೀರು ಹಾಕಿದ್ದಕ್ಕ ಶಾಲು ಹೊಚ್ಯಾರ. ಮುಂದಿನ ಸಲ ಮಾಸ್ತರನ್ನ ಬಾವಿಗೆ ನೂಕರಿ, ಮೆರವಣಿಗಿ ಮಾಡ್ತಾರ."